ಇಪ್ಪತ್ತೇಳು ಕಿಲೋದ ಹಕ್ಕಿ

ಡಬ್ಬಿಯ ಮೇಲಿನ ಚಿತ್ರದಲ್ಲಿ ಆಕಾಶ ತೀರಾ ನೀಲಿ.
ನಮ್ಮೂರಿನ ಮೇಲೆ ಅಂಥದ್ದು
ವರ್ಷಕ್ಕೆ ಹನ್ನೊಂದು ದಿನ ಇದ್ದೀತು, ಹೆಚ್ಚೆಂದರೆ.
ಒಳಗೆ ನೂರಾಹದಿನಾಲ್ಕು ತುಂಡು, ಬೂದುಬಣ್ಣ,
ಮುಳ್ಳುಗಳು ಮೀನಿನ ಬೆನ್ನಿಗೆ ಕಚ್ಚಿಕೊಂಡ ಹಾಗೆ ಕಡ್ಡಿಗೆ ಕಚ್ಚಿಕೊಂಡು.
ಎಪ್ಪತ್ತೆರಡರಲ್ಲಿ ಒಂದು ಪಾಲು, ಅಂತ ಬರೆದಿದೆ.
ದೀಪ, ಚಿಮಟ, ಭೂತಗನ್ನಡಿ, ಆರಿಹೋದ ಚಹಾ.
ಸೆವೆರೊದ್ವಿನ್ಸ್ಕ್‌ನಲ್ಲಿ ಮೂರು ಗಂಟೆಗೇ ಕತ್ತಲು.

ಅಣ್ಣ ವೆನ್ಯಾ ಫೋನಿನಲ್ಲಿ ಜಗಳ ತೆಗೆಯುತ್ತಾನೆ:
ಪಟ್ಟೆ ಹಸಿರಿತ್ತು ಕಾಪಾ, ನೀಲಿಯಲ್ಲ.
ಅಂಕಿ ಏಳರಿಂದ ಶುರು.
ಇರಬಹುದು.
ನನಗೆ ಪಟ್ಟೆ ಗೊತ್ತಿಲ್ಲ, ಅಂಕಿ ಗೊತ್ತಿಲ್ಲ.
ನಾನು ಅದನ್ನು ಮೇಲಿನಿಂದ ಬಲ್ಲವಳು.

ತೋನ್ಯಾಕ್ಕೆ ರಸ್ತೆ ಇರಲಿಲ್ಲ.
ಬೇಸಿಗೆಗೆ ದೋಣಿ, ಚಳಿಗಾಲಕ್ಕೆ ಅನ್ನೂಷ್ಕಾ:
ಕಾಲಿಗೆ ಜಾರುಹಲಗೆ ಕಟ್ಟಿಕೊಂಡು
ಒಂದರ ಮೇಲೊಂದು ಎರಡು ಜೊತೆ ರೆಕ್ಕೆ ಹೊತ್ತು
ಹೆಪ್ಪುಗಟ್ಟಿದ ಹೊಳೆಯ ಮೇಲೆ ಗಡಗಡ ಬಂದಿಳಿಯುವುದು.
ಅಂಚೆ, ಈರುಳ್ಳಿ ಮೂಟೆ, ಹಲ್ಲು ಕೀಳುವ ಡಾಕ್ಟರಮ್ಮ,
ಒಮ್ಮೆ ಕಾಲು ಕಟ್ಟಿದ ಕರು.
ಹತ್ತುವವರನ್ನೆಲ್ಲ ಅಂಚೆಯ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು.
ಫ್ಯೋಕ್ಲಾ ಅತ್ತೆ ಆ ಚಳಿಯಲ್ಲೂ ಕೋಟು ಬಿಚ್ಚಿ ನಿಲ್ಲುವಳು,
ಕೂಗಿ ಹೇಳುವ ತೂಕ ಒಂದಿಷ್ಟಾದರೂ ಇಳಿಯಲೆಂದು.

ಆ ಮಾರ್ಚಿನಲ್ಲಿ ಮೂರು ದಿನ ಹಿಮ ಸುರಿದು
ವಿಮಾನ ನಮ್ಮಲ್ಲೇ ಉಳಿಯಿತು.
(ವೆನ್ಯಾ ಆ ವರ್ಷ ಪಟ್ಟಣದ ಹಾಸ್ಟೆಲಿನಲ್ಲಿದ್ದ.)
ನಾಲ್ಕನೆಯ ಬೆಳಿಗ್ಗೆ ಪೈಲಟ್ ರೊಗಾಚೋವ್
ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕಣ್ಣಲ್ಲೇ ತೂಗಿ,
ಉಳಿದವರನ್ನು ಹಿಮ ತೋಡಲು ಅಟ್ಟಿ
ನನ್ನ ಕೈಗೆ ಪೊರಕೆ ಕೊಟ್ಟ.
ಮೇಲಿನ ರೆಕ್ಕೆ ಗುಡಿಸು.
ಮುಂದಿನ ಅಂಚು ತಗಡು, ಅಲ್ಲೇ ನಡೆ.
ಹಿಂದಿನದು ಬಟ್ಟೆ. ಬಟ್ಟೆ, ತಿಳಿಯಿತಾ?

ತಿಳಿಯಿತು ಅಂದೆ. ನಂಬಿರಲಿಲ್ಲ.
ಕರುವನ್ನು ಹೊತ್ತು ಹಾರುವಂಥದ್ದು
ನಮ್ಮ ದಿಂಬಿನ ಹಾಗೆ ಬಟ್ಟೆಯದಾದೀತೇ?
ಅಲ್ಲಿಂದ ಊರು ಬೇರೆಯೇ ಇತ್ತು. ಚಿಮಣಿಗಳ ತಲೆ,
ಬೇಕರಿ ಸೂರಿನ ಮೇಲೆ ಯಾರದೋ ಒಂಟಿ ಬೂಟು.
ತುದಿಯವರೆಗೆ ಗುಡಿಸಿದೆ, ತಿರುಗಿದೆ,
ಬಾಗಿಲಲ್ಲಿದ್ದ ಅಮ್ಮನಿಗೆ ಕೈ ಬೀಸಿದೆ,
ಬಲಗಾಲು ಮೊಣಕಾಲಿನವರೆಗೆ ಒಳಗೆ.
ಒಣಗಿದ ಹಾಸುಬಟ್ಟೆ ಒಂದೇ ಸಲ ಜಾಡಿಸಿದಂಥ ಸದ್ದು.

ರೊಗಾಚೋವ್ ಬೈಯಲಿಲ್ಲ. ಅದೇ ಹೆದರಿಕೆ.
ತೇಪೆ ಕತ್ತರಿಸಿ, ಕೊಳೆತ ಹಣ್ಣಿನಂತೆ ನಾರುವ ಅಂಟು ಬಳಿದು
ಎಂಜಿನ್ ಕಾಯಿಸುವ ಒಲೆಯ ಬಿಸಿಗಾಳಿಗೆ ಹಿಡಿದು
ಬರಿಗೈಯಿಂದ ಸವರಿದ, ಹಸುಗೂಸಿನ ಬೆನ್ನು ಸವರಿದ ಹಾಗೆ.
ಆಮೇಲೆ ಪುಸ್ತಕ ತೆಗೆದು
ಪೆನ್ಸಿಲ್ ನಾಲಿಗೆಗೆ ತಾಗಿಸಿ ಕೇಳಿದ:
ತೂಕ ಎಷ್ಟು ನಿಂದು?
ಇಪ್ಪತ್ತೇಳು ಕಿಲೋ.
ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ:
ಮೇಲಿನ ಬಲರೆಕ್ಕೆ. ಹಕ್ಕಿ ಬಡಿದು ಹರಿದಿದೆ. ದೊಡ್ಡ ಜಾತಿ.

ಅಮ್ಮ ಯಾರಿಗೂ ಹೇಳಲಿಲ್ಲ.
ಆ ಚಳಿ ಮುಗಿಯುವ ತನಕ
ಎಂಜಿನ್ನಿನ ಸದ್ದು ಕೇಳಿದರೆ ಸಾಕು, ಬೇಕರಿಯ ಸೂರು ಹತ್ತುತ್ತಿದ್ದೆ.
ತೇಪೆ ಇದೆಯೆ? ಇದೆ.
ಮುಂದಿನ ವಾರ? ಇದೆ.
ಮಂಜುಗಡ್ಡೆ ಒಡೆದ ಮೇಲೆ ಆ ವಿಮಾನ ಬರಲಿಲ್ಲ,
ಬೇರೆ ಯಾವುದೋ ಬಂತು, ಸುಕ್ಕಿಲ್ಲದ ರೆಕ್ಕೆಯದು.
ಎರಡು ರಾತ್ರಿ ನಿದ್ದೆ ಮಾಡಲಿಲ್ಲ ನಾನು.

ಈಗ ಚಿಮಟದ ತುದಿಯಲ್ಲಿ ಸಿಗರೇಟು ಕಾಗದದ ಚೂರು.
ಲೆಕ್ಕ ಹಾಕಿದ್ದೇನೆ:
ಗೇಣುದ್ದದ ತೇಪೆ ಈ ಅಳತೆಯಲ್ಲಿ ಮೂರು ಮಿಲಿಮೀಟರು,
ನಾನು ಹೆಬ್ಬೆರಳ ಉಗುರಿನಷ್ಟು,
ನನ್ನ ಪೊರಕೆ ಒಂದು ರೆಪ್ಪೆಗೂದಲು.
ಎರಡು ಸಲ ಕಾಗದ ಬೆರಳಿಗೇ ಅಂಟಿತು.
ಮೂರನೆಯ ಸಲ ಕೂತಿತು, ಸ್ವಲ್ಪ ಸೊಟ್ಟಗೆ.
ಅವನದೂ ಸೊಟ್ಟಗೇ ಇತ್ತು.

ಭಾನುವಾರ ವೆನ್ಯಾ ಬಂದ, ಹೊಗೆಗಿಟ್ಟ ಮೀನು ತಂದ.
ಪಟ್ಟೆ ಹಸಿರು ಬಳಿದದ್ದು ಕಂಡು ಗೆದ್ದ ಮುಖ ಮಾಡಿದ.
ಕನ್ನಡಕ ಹಣೆಗೇರಿಸಿ, ಮೂಗು ರೆಕ್ಕೆಗೆ ತಾಗುವಷ್ಟು ಬಗ್ಗಿ
ಇಲ್ಲೇನು, ಎದ್ದು ಬಂದಿದೆಯಲ್ಲ, ಅಂದ.
ಹಕ್ಕಿ ಬಡಿದದ್ದು, ಅಂದೆ,
ಮೀನಿನ ಪೊಟ್ಟಣ ಬಿಚ್ಚುತ್ತ.